ಕೈಗೊಂದೇ ಫೈಲು

ನಮ್ಮ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಬರುತ್ತಿದ್ದವರು ಅವರೊಬ್ಬರೇ. ಬಿಡಿ ಅಂತ ಯಾರೂ ಹೇಳಿರಲಿಲ್ಲ. ಮೊದಲ ದಿನವೇ ಹೊಸ್ತಿಲ ಹೊರಗೆ ಜೋಡಿಯನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಬಂದರು. ಯಾಕೆ ಸಾರ್ ಎಂದು ಕೇಳಿದೆ.

"ದಾಖಲೆ ಇರೋ ಜಾಗ ಅಲ್ವೇನಮ್ಮ. ಮೆಟ್ಟಿನ ಜೊತೆ ಧೂಳು ಬರತ್ತೆ, ಧೂಳಿನ ಹಿಂದೆ ಗೆದ್ದಲು ಬರತ್ತೆ."

"ಕಂಪ್ಯೂಟರಿಗೆ ಗೆದ್ದಲು ಹಿಡಿಯಲ್ಲ ಸಾರ್."

"ಗೆದ್ದಲು ಹಿಡೀದಿದ್ರೆ ಇನ್ನೇನೋ ಹಿಡಿಯತ್ತೆ ಬಿಡು" ಎಂದು ಕುರ್ಚಿ ಎಳೆದುಕೊಂಡರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೋಲಾರದ ಬಸ್ ನಿಲ್ದಾಣಕ್ಕೆ ಹತ್ತಿರದ ಬೀದಿಯೊಂದರಲ್ಲಿ ಒಂದು ಟ್ರಸ್ಟಿನ ಹಳೆಯ ಕಟ್ಟಡ, ಅದರ ಮಹಡಿಯ ಮೇಲೆ ಮೂರು ಕಂಪ್ಯೂಟರ್, ಅವುಗಳ ಉಸ್ತುವಾರಿಗೆ ನಾನು. ದಿನಾ ಸುಗಟೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಟ್ರಸ್ಟಿನವರು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಪೈಕಿಯವರಲ್ಲ. ಹಾಗಾಗಿ ಯಾವುದೋ ಮ್ಯಾಗಜೀನಿನ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಲಿನಕ್ಸ್ ಹಾಕಿದ್ದೆ. ಅದು ಬರುತ್ತಿದ್ದದ್ದು ನನಗೊಬ್ಬಳಿಗೆ, ನನಗೂ ಅರ್ಧಂಬರ್ಧ. ಚಿತ್ರಗಳಿರುವ ಪರದೆ ಮನಸ್ಸು ಬಂದಾಗ ಮಾತ್ರ ತೆರೆದುಕೊಳ್ಳುತ್ತಿತ್ತು. ಉಳಿದ ದಿನವೆಲ್ಲ ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಅಲ್ಲಿ ಟೈಪ್ ಮಾಡಿದ ಕಮ್ಯಾಂಡ್ ಏನು ಹೇಳುತ್ತದೋ ಅಷ್ಟೇ ಕೆಲಸ.

ಮುಳಬಾಗಿಲು ತಾಲ್ಲೂಕಿನ ಗಡಿಯಲ್ಲಿ ಟ್ರಸ್ಟು ನಡೆಸುತ್ತಿದ್ದ ಹಳೆಯ ಶಾಲೆಯೊಂದು ಮುಚ್ಚಿಹೋಗಿ, ಅದರ ದಾಖಲಾತಿ ರಿಜಿಸ್ಟರುಗಳು ಎರಡು ಗೋಣಿಚೀಲದಲ್ಲಿ ನಮ್ಮ ಮಹಡಿಗೆ ಬಂದಿದ್ದವು. ಹಾಳೆಗಳು ಹಪ್ಪಳವಾಗಿದ್ದವು. ಒಂದು ಸಲ ತಿರುವಿದರೆ ಮುರಿದು ಚೂರಾಗುತ್ತಿದ್ದವು. ಓದುವುದಾದರೆ ಒಂದೇ ಸಲ ಓದಬೇಕು. ನಮ್ಮ ಕಡೆ ಆ ಕಾಲದ ಜನಕ್ಕೆ ಹುಟ್ಟಿದ ದಿನ ಅಂತ ಬೇರೆ ಎಲ್ಲೂ ಇರಲಿಲ್ಲ. ಮೇಷ್ಟ್ರು ಆ ರಿಜಿಸ್ಟರಿನಲ್ಲಿ ಬರೆದದ್ದೇ ಹುಟ್ಟಿದ ದಿನ. ಅವನ್ನೆಲ್ಲ ಓದಿ ಕಂಪ್ಯೂಟರಿಗೆ ಇಳಿಸಲು ಒಬ್ಬರು ಬೇಕಾದರು, ಇವರು ಬಂದರು.

ಮುಳಬಾಗಿಲಿನಲ್ಲಿ ತಲೆಮಾರುಗಳಿಂದ ಇದ್ದ ಲೆಕ್ಕಪತ್ರದ ಮನೆತನ. ಇವರು ಮಾತ್ರ ಕೋಲಾರದ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಡತ ಕಾಯ್ದು ನಿವೃತ್ತರಾಗಿದ್ದರು. ಇಡೀ ಸರ್ವೀಸಿನಲ್ಲಿ ಇವರ ಕೈಯಿಂದ ಒಂದು ಹಾಳೆ ಕಳೆದದ್ದಿಲ್ಲ ಎಂದು ಆ ಕಚೇರಿಯಲ್ಲಿ ಹೆಸರು. ಅಲ್ಲಿ ಯಾವುದಾದರೂ ಕಡತ ಸಿಗದಿದ್ದರೆ "ಅವರು ಇಟ್ಟಿದ್ರೆ ಇರ್ತಿತ್ತು" ಎಂದು ಜವಾನರು ಈಗಲೂ ಹೇಳುತ್ತಿದ್ದರಂತೆ. ಅದನ್ನು ನನಗೆ ಹೇಳಿದ್ದು ಅವರಲ್ಲ, ಕೆಳಗಿನ ಟೀ ಅಂಗಡಿಯವನು. ಅವರ ಮುಂದೆ ಎತ್ತಿದರೆ ಕನ್ನಡಕ ತೆಗೆದು ಒರೆಸತೊಡಗುತ್ತಿದ್ದರು. ಹೆಮ್ಮೆ ಇತ್ತು, ನನಗೆ ಗೊತ್ತಾಗುತ್ತಿತ್ತು.

ಅವರಿಗೆ ಎರಡು ಕಟ್ಟಳೆಗಳಿದ್ದವು. ಒಂದು, ಕೈಗೊಂದೇ ಫೈಲು. ಎಷ್ಟೇ ಅವಸರವಿದ್ದರೂ ಎರಡು ಕಡತವನ್ನು ಒಟ್ಟಿಗೆ ಎತ್ತಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಎಂಟು ಕಡತವನ್ನು ಅವುಚಿಕೊಂಡು ಬಂದು, ಒಂದರ ಹಾಳೆ ಇನ್ನೊಂದಕ್ಕೆ ಸೇರಿ, ಒಂದು ಮನೆಯವರು ಹನ್ನೊಂದು ವರ್ಷ ಅಲೆದದ್ದನ್ನು ಕಣ್ಣಾರೆ ನೋಡಿದ್ದರಂತೆ. ಒಮ್ಮೆ ಮಾಲೂರಿಗೆ ಒಂದೇ ವ್ಯಾಜ್ಯದ ಎರಡು ಕಡತ ತಲುಪಿಸಬೇಕಿತ್ತು. ಇವರು ಸೋಮವಾರ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದರು. ಇನ್ನೊಂದಕ್ಕೆ ಮಂಗಳವಾರ ಮತ್ತೆ ಹೋದರು.

"ಎರಡು ಕೈ ಇತ್ತಲ್ಲ ಸಾರ್?" ಎಂದು ರೇಗಿಸಿದೆ.

"ಇನ್ನೊಂದು ಕೈ ಬಸ್ಸಿನ ಕಂಬಿ ಹಿಡ್ಕೊಳ್ಳೋಕೆ ಕಣಮ್ಮ."

ಎರಡನೆಯ ಕಟ್ಟಳೆ, ಒಂದು ದಾಖಲೆ ಒಂದೇ ಕಡೆ ಇರಬೇಕು. ಇದರಿಂದ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಫೈಲುಗಳಿಗೆ ಇನ್ನೊಂದು ನಕಲು ಮಾಡಿಡೋಣ, ಸಿಪಿ ಅಂತ ಕಮ್ಯಾಂಡ್ ಇದೆ ಎಂದು ಹತ್ತು ಸಲ ಹೇಳಿದ್ದೇನೆ. "ಎರಡು ಕಡೆ ಇದ್ರೆ ಯಾವುದು ಅಸಲು? ಒಂದನ್ನ ತಿದ್ದಿ ಇನ್ನೊಂದು ತಿದ್ದದೆ ಬಿಟ್ರೆ? ಆಮೇಲೆ ಜಗಳ ಬಿಡಿಸೋರು ಯಾರು?" ಎನ್ನುತ್ತಿದ್ದರು. ಅವರಿಗೆ ಇಷ್ಟವಾದದ್ದು ಎಂವಿ. ಎಂವಿ ಎಂದು ಬರೆದು, ಫೈಲಿನ ಹೆಸರು ಬರೆದು, ಹೋಗಬೇಕಾದ ಜಾಗ ಬರೆದರೆ, ಇಲ್ಲಿದ್ದದ್ದು ಅಲ್ಲಿಗೆ ಹೋಗುತ್ತದೆ. ಇಲ್ಲಿ ಉಳಿಯುವುದಿಲ್ಲ.

ಇಷ್ಟವಾಯಿತು ಅಂತ ಬೈಯುವುದನ್ನೇನೂ ಬಿಡಲಿಲ್ಲ. ಅವರಿಗೆ ತಡೆಯಲಾಗದೇ ಇದ್ದದ್ದು ಆ ಯಂತ್ರದ ಮೌನ. ಫೈಲನ್ನು ಸರಿಸಿ ಎಂಟರ್ ಒತ್ತಿದರೆ ಅದು ಹೂಂ ಅನ್ನುವುದಿಲ್ಲ, ಉಹುಂ ಅನ್ನುವುದಿಲ್ಲ. ಗೆರೆ ಮತ್ತೆ ಮಿಣುಕುತ್ತದೆ ಅಷ್ಟೆ.

"ಒಂದು ಚೀಟಿ ಕೊಟ್ರೂ ಸ್ವೀಕೃತಿ ಹಾಕಿಕೊಡ್ತಾರಲ್ಲಮ್ಮ. ಇದೇನು ಇದು, ನಾನು ಕೊಟ್ಟಿದ್ದನ್ನ ತಗೊಂಡು ಗೋಡೆ ನೋಡ್ಕೊಂಡು ಕೂತಿದೆ?"

"ಏನೂ ಹೇಳಲಿಲ್ಲ ಅಂದ್ರೆ ಆಯ್ತು ಅಂತ ಸಾರ್. ತಪ್ಪಿದ್ರೆ ಮಾತ್ರ ಹೇಳತ್ತೆ."

"ನಮ್ಮ ತಹಸೀಲ್ದಾರೊಬ್ರು ಹಾಗೇ ಇದ್ರು. ಅವರ ಕಾಲದಲ್ಲಿ ಅರ್ಧ ಆಫೀಸಿಗೆ ಬಿ.ಪಿ. ಬಂತು."

ಹೆಸರಿನ ನಡುವೆ ಜಾಗ ಬಿಟ್ಟರೆ ಯಂತ್ರ ಅದನ್ನು ಎರಡು ಫೈಲು ಅಂದುಕೊಂಡು 'ಅಂಥದ್ದಿಲ್ಲ' ಎಂದು ಬರೆಯುತ್ತಿತ್ತು. ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಇಲ್ಲ ಅಂತಾನೆ ನೋಡು. ಕಣ್ಣೆದುರಿಗೇ ಇದೆ, ಇಲ್ಲ ಅಂತಾನೆ." ಯಂತ್ರ ಒಳ್ಳೆಯದಿದ್ದಾಗ ಅದು, ಸಿಟ್ಟು ಬಂದಾಗ ಅವನು. ಆದರೂ ಬಿಟ್ಟು ಎದ್ದವರಲ್ಲ. ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿ ಪ್ರತಿ ಕಮ್ಯಾಂಡನ್ನೂ ಬರೆದು, ಅದು ಯಾವಾಗ ಸಿಟ್ಟಾಗುತ್ತದೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಿದ್ದರು. ನಾನು ಎಂದೂ ಯೋಚಿಸದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಫೈಲಿನ ಹೆಸರು ಬದಲಾಯಿಸಲೂ ಎಂವಿ ಕಮ್ಯಾಂಡೇ ಎಂದು ತಿಳಿದ ದಿನ ಅವರು ಊಟದ ಡಬ್ಬಿ ತೆರೆಯುವುದನ್ನೇ ಮರೆತರು.

"ಅಂದ್ರೆ ಜಾಗ ಬದಲಾಯಿಸೋದೂ ಹೆಸರು ಬದಲಾಯಿಸೋದೂ ಇದಕ್ಕೆ ಒಂದೇ ಕೆಲಸಾನಾ?"

"ಹೌದು ಸಾರ್. ನೀವು ಕೊಟ್ಟ ಹೆಸರಿನ ಫೋಲ್ಡರ್ ಇದ್ರೆ ಅದರೊಳಗೆ ಹೋಗತ್ತೆ. ಇಲ್ದಿದ್ರೆ ಅದನ್ನೇ ಹೊಸ ಹೆಸರು ಅಂತ ತಗೊಳ್ಳತ್ತೆ."

"ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಹಾಗೆ" ಎಂದರು. ಅವರ ತಲೆಯಲ್ಲಿದ್ದದ್ದು ಆ ರಿಜಿಸ್ಟರು. ಅದರಲ್ಲಿನ ಎಷ್ಟೋ ಹುಡುಗಿಯರು ಊರನ್ನೂ ಹೆಸರನ್ನೂ ಒಂದೇ ದಿನ ಬದಲಾಯಿಸಿಕೊಂಡು ಹೋಗಿದ್ದರು.

ಅಂಥವಳೊಬ್ಬಳು ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದಳು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಕಡೆಯವಳು, ಅಲ್ಲೇ ಹತ್ತಿರದ ಹಾಸ್ಟೆಲೊಂದರಲ್ಲಿ ಆಯಾ. ಕೆಲಸಕ್ಕೆ ಸೇರುವಾಗ ಯಾರೋ ಮುಖ ನೋಡಿ ಅಂದಾಜಿನ ಮೇಲೆ ವಯಸ್ಸು ಬರೆದುಬಿಟ್ಟಿದ್ದರು. ಆ ಲೆಕ್ಕದಲ್ಲಿ ಬರುವ ಜೂನಿಗೆ ಅವಳು ನಿವೃತ್ತಿ. ತನಗೆ ಅಷ್ಟು ವಯಸ್ಸಾಗಿಲ್ಲ ಅನ್ನುವುದು ಅವಳಿಗೆ ಗೊತ್ತು, ಆದರೆ ಅವಳ ಸರ್ವೀಸಿನ ಕಡತವಿದ್ದ ಕಚೇರಿಯವರು, ಅಂದರೆ ನಮ್ಮ ಸಾರ್ ನಿವೃತ್ತರಾದ ಅದೇ ಕಚೇರಿಯವರು, ಶಾಲೆಯ ದಾಖಲೆ ಕೇಳಿದ್ದರು. ಗಂಡ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದ. ಮೂರನೇ ಕ್ಲಾಸಿನವರೆಗೆ ಆ ಮುಚ್ಚಿಹೋದ ಶಾಲೆಯಲ್ಲಿ ಓದಿದ್ದಳು.

"ನಾ ಪೇರು ಉಂದಾ ಸಾರೂ?" ಎಂದಳು ತೆಲುಗಿನಲ್ಲಿ. ತನ್ನ ಹೆಸರು ಇದೆಯಾ ಎಂದು ಅಷ್ಟು ಮೆಲ್ಲಗೆ ಕೇಳುವವರನ್ನು ನಾನು ನೋಡಿರಲಿಲ್ಲ.

ಅವರು ಹುಟ್ಟುಹೆಸರು, ತಂದೆಯ ಹೆಸರು ಕೇಳಿಕೊಂಡು ನಾಲ್ಕು ಫೈಲು ತೆರೆದು ನೋಡಿದರು. ಐದನೆಯದರಲ್ಲಿ ಸಿಕ್ಕಿತು. ಹೆಸರು, ತಂದೆ, ಊರು, ಹುಟ್ಟಿದ ದಿನ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಕಚೇರಿ ಬರೆದುಕೊಂಡದ್ದಕ್ಕಿಂತ ಆರು ವರ್ಷ ಚಿಕ್ಕವಳು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ನಾನಿನ್ನೂ ಅಷ್ಟು ಸಣ್ಣೋಳಾ ಸಾರೂ?"

ಅಂದೇ ಒಂದು ಪ್ರಿಂಟ್ ತೆಗೆದು ಟ್ರಸ್ಟಿನ ಮೊಹರು ಹಾಕಿಸಿ ಕೊಟ್ಟಿದ್ದರೆ ಈ ಕತೆಯೇ ಇಲ್ಲ. ಆದರೆ ನಮ್ಮ ಪ್ರಿಂಟರು ಲಿನಕ್ಸ್ ಜೊತೆ ಮಾತು ಬಿಟ್ಟು ತಿಂಗಳಾಗಿತ್ತು. ಕೈಯಲ್ಲಿ ಬರೆದು ಕೊಡಲು ಅವರು ಒಪ್ಪಲಿಲ್ಲ. ಕೈಬರಹ ನೋಡಿದರೆ ಕಚೇರಿಯವರು ಇನ್ನೊಂದು ತಕರಾರು ತೆಗೆಯುತ್ತಾರೆ ಅನ್ನುವುದು ಅವರ ಅನುಭವ. ಸೋಮವಾರ ಬಾ, ಅಷ್ಟರಲ್ಲಿ ಪ್ರಿಂಟರ್ ಸರಿಯಾಗಿರತ್ತೆ ಎಂದು ಕಳಿಸಿದರು.

ಆ ವಾರವೇ ಹಳೆಯ ಡಿಸ್ಕ್ ಟಕಟಕ ಎಂದು ಸದ್ದು ಮಾಡತೊಡಗಿತು. ಟ್ರಸ್ಟಿನವರನ್ನು ಕಾಡಿಸಿ ಹೊಸದೊಂದನ್ನು ತರಿಸಿ ಶುಕ್ರವಾರ ಹಾಕಿದೆ. ಹಳೆಯದರಲ್ಲಿದ್ದ ಇಪ್ಪತ್ತಾರು ಫೈಲುಗಳನ್ನು, ವರ್ಷಕ್ಕೊಂದರಂತೆ ಇದ್ದವನ್ನು, ಹೊಸದಕ್ಕೆ ಸಾಗಿಸಬೇಕು. ನಕಲು ಮಾಡೋಣ ಎಂದರೆ ಅವರು ಕೇಳುವವರಲ್ಲ. "ದಾಖಲೆ ಅಂತ ಒಂದು ಫೋಲ್ಡರ್ ಮಾಡ್ತೀನಿ ಸಾರ್, ಎಲ್ಲ ಅದಕ್ಕೆ ಹಾಕಿ" ಎಂದು ಕಮ್ಯಾಂಡ್ ಬರೆದುಕೊಟ್ಟೆ. ಶನಿವಾರ ಸಂಜೆ ಐದಕ್ಕೆ ನನ್ನ ಬಸ್ಸು. ಚೀಲ ಹೆಗಲಿಗೆ ಹಾಕಿಕೊಂಡಾಗ ಅವರು ಕೇಳಿದರು.

"ಫೋಲ್ಡರ್ ಮಾಡಿದ್ದೀಯೇನಮ್ಮ?"

"ಮಾಡಿದ್ದೀನಿ ಸಾರ್" ಎಂದೆ.

ಮಾಡಿರಲಿಲ್ಲ. ಬೆಳಿಗ್ಗೆಯಿಂದ ಮಾಡಬೇಕು ಮಾಡಬೇಕು ಅಂದುಕೊಂಡು, ಮಾಡಿಯೇ ಇದ್ದೇನೆ ಎಂದು ಅರ್ಧ ನಂಬಿದ್ದೆ. ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಆದರೆ ಬಸ್ಸಿನ ಹಾರ್ನ್ ಕೇಳಿಸಿತು, ಬಾಯಿಗೆ ಬಂದದ್ದು ಹೇಳಿ ಮೆಟ್ಟಿಲಿಳಿದೆ.

ಸೋಮವಾರ ನಾನು ಬರುವ ಹೊತ್ತಿಗೆ ಅವರು ಪರದೆಗೆ ಮೂಗು ತಾಗಿಸಿ ಕೂತಿದ್ದರು. ಶನಿವಾರ ಅವರ ಪದ್ಧತಿಯಂತೆ ಒಂದೊಂದೇ ಫೈಲಿನ ಹೆಸರನ್ನು ಬಾಯಲ್ಲಿ ಹೇಳಿಕೊಂಡು ಇಪ್ಪತ್ತಾರನ್ನೂ ಕಳಿಸಿದ್ದರು. ಪ್ರತಿ ಸಲವೂ ಹಳೆಯ ಜಾಗದ ಪಟ್ಟಿ ತೆಗೆದು, ಆ ಫೈಲು ಅಲ್ಲಿಂದ ಹೋಯಿತು ಎಂದು ನೋಡಿಕೊಂಡಿದ್ದರು. ಹೊಸ ಜಾಗ ನನ್ನ ಜವಾಬ್ದಾರಿ, ಇದೆ ಎಂದು ನಾನೇ ಹೇಳಿದ್ದೆ. ಯಂತ್ರವೂ ತುಟಿ ಬಿಚ್ಚಿರಲಿಲ್ಲ. ಈಗ ಅಲ್ಲಿ 'ದಾಖಲೆ' ಎಂಬ ಒಂದೇ ಒಂದು ಫೈಲಿತ್ತು. ತೆರೆದರೆ, ಶಾಲೆ ಮುಚ್ಚಿದ ಕೊನೆಯ ವರ್ಷದ ಹನ್ನೆರಡು ಮಕ್ಕಳ ಹೆಸರು.

"ಮಿಕ್ಕವೆಲ್ಲ ಎಲ್ಲಮ್ಮ?"

ನನಗೆ ನೋಡಿದ ಕೂಡಲೇ ಅರ್ಥವಾಗಿತ್ತು. ಫೋಲ್ಡರ್ ಇಲ್ಲದ್ದರಿಂದ ಮೊದಲ ಫೈಲು ತಾನೇ 'ದಾಖಲೆ' ಎಂಬ ಹೆಸರು ಹೊತ್ತುಕೊಂಡಿತು. ಎರಡನೆಯದು ಬಂದು ಅದನ್ನು ಅಳಿಸಿ ಅದೇ ಹೆಸರು ಹೊತ್ತುಕೊಂಡಿತು. ಹೀಗೆ ಇಪ್ಪತ್ತೈದು ವರ್ಷ ಒಂದರ ಮೇಲೊಂದು ಬಿದ್ದು ಹೋದವು. ಇದನ್ನು ಹೇಳಿದೆ. ಫೋಲ್ಡರ್ ಇರಲಿಲ್ಲ ಎಂದು ಹೇಳಿದೆ. ಯಾಕೆ ಇರಲಿಲ್ಲ ಎಂದು ಹೇಳಲಿಲ್ಲ.

ಅವರು ಒಂದು ಪ್ರಶ್ನೆ ಕೇಳಿದರು. "ಎಲ್ಲಾನೂ ಒಟ್ಟಿಗೆ ಒಂದೇ ಸಲ ಕಳಿಸಿದ್ರೆ ಏನಾಗ್ತಿತ್ತು?"

ಸುಳ್ಳು ಹೇಳಲು ಮನಸ್ಸಾಯಿತು. "ಆಗ ಅದು ಒಪ್ತಿರ್ಲಿಲ್ಲ ಸಾರ್. ಇದು ಫೋಲ್ಡರ್ ಅಲ್ಲ ಅಂತ ತಪ್ಪು ತೋರಿಸ್ತಿತ್ತು. ಒಂದೂ ಹೋಗ್ತಿರ್ಲಿಲ್ಲ."

"ಓಹೋ" ಎಂದರು. ಅವರ ಮುಖದಲ್ಲಿ ದುಃಖಕ್ಕಿಂತ ಮೊದಲು ಬಂದದ್ದು ಕುತೂಹಲ, ಈಗಲೂ ನೆನಪಿದೆ. ಮಾಲೂರಿಗೆ ಎರಡು ದಿನ ಎರಡು ಕಡತ ಹೊತ್ತ ಮನುಷ್ಯ, ಆ ಎಚ್ಚರವೇ ಇವತ್ತು ಹೇಗೆ ತಿರುಗಿ ಹೊಡೆಯಿತು ಎಂದು ಅಳೆಯುತ್ತಿದ್ದರು. ಆಮೇಲೆ ನೋಟ್ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು.

ಹಳೆಯ ಡಿಸ್ಕಿನಿಂದ ಏನಾದರೂ ಎತ್ತಲು ಸಾಧ್ಯವೇ ಎಂದು ನಾನು ಮಧ್ಯಾಹ್ನದವರೆಗೂ ಒದ್ದಾಡಿದೆ. ಅದು ಇನ್ನಷ್ಟು ಟಕಟಕ ಎಂದು ಪೂರ್ತಿ ನಿಂತುಹೋಯಿತು. ರಿಜಿಸ್ಟರಿನ ಚೂರುಗಳನ್ನು ಚೀಲದಿಂದ ಸುರಿದು ಅವಳ ವರ್ಷದ್ದನ್ನು ಹುಡುಕಿದೆವು. ಅಕ್ಷರಕ್ಕೊಂದು ಚೂರು, ಅದೂ ಮುಟ್ಟಿದರೆ ಪುಡಿ. ಅಷ್ಟರಲ್ಲಿ ಅವಳೇ ಬಂದಳು, ಎಲೆಯಲ್ಲಿ ಸುತ್ತಿದ ನಾಲ್ಕು ಮಾವಿನಹಣ್ಣು ಹಿಡಿದುಕೊಂಡು.

ಅವರು ಎದ್ದು ನಿಂತು ತಾವೇ ಹೇಳಿದರು. ಸುತ್ತಿಬಳಸಲಿಲ್ಲ. ಅವಳು ಅಳಲಿಲ್ಲ, ಹೊಸ್ತಿಲ ಮೇಲೆ ಕೂತಳು. "ಅಯಿತೇ ನಾ ಪೇರು ಪೋಯಿಂದಾ?" ಹಾಗಾದರೆ ನನ್ನ ಹೆಸರು ಹೋಯಿತಾ ಎಂದು.

"ಪೋಲೇದಮ್ಮಾ. ನಾ ದಗ್ಗರ ಉಂದಿ." ಹೋಗಿಲ್ಲ, ನನ್ನ ಹತ್ತಿರ ಇದೆ ಎಂದರು. ಹೆಸರು, ತಂದೆ, ಊರು, ಹುಟ್ಟಿದ ದಿನ ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಿಸಿದರು. ಒಂದೂ ತಪ್ಪಿರಲಿಲ್ಲ.

ಆದರೆ ನೆನಪಿಗೆ ಮೊಹರು ಹಾಕುವವರು ಯಾರು? ಎರಡು ದಿನ ಅವರು ರಿಜಿಸ್ಟರಿನ ಚೂರುಗಳನ್ನೇ ಜೋಡಿಸುತ್ತ ಕೂತರು. ನಾನು ಅವರ ಮುಖ ನೋಡಬೇಕಾಗದಿರಲಿ ಎಂದು ಪ್ರಿಂಟರ್ ಬಿಚ್ಚಿಕೊಂಡು ಕೂತೆ. ಬುಧವಾರ ನನ್ನನ್ನು ಕರೆದುಕೊಂಡು ಪಕ್ಕದ ಬೀದಿಯ ಟೈಪಿಂಗ್ ಇನ್ಸ್‌ಟಿಟ್ಯೂಟಿಗೆ ಹೋದರು. ಒಂದು ಮೆಷಿನ್ ಮುಂದೆ ಕೂರಿಸಿ, "ಕಾರ್ಬನ್ ಹಾಕಿ ಮೂರು ಪ್ರತಿ ತೆಗಿಯಮ್ಮ" ಎಂದರು. ಮೂರು ಪ್ರತಿ ಎಂದು ಅವರ ಬಾಯಲ್ಲಿ ಕೇಳಿ ನನಗೆ ಕಣ್ಣು ತುಂಬಿತು.

ಹೇಳುತ್ತ ಹೋದರು. ಸದರಿ ವಿದ್ಯಾರ್ಥಿನಿಯ ದಾಖಲಾತಿಯನ್ನು ನಾನು ಸ್ವತಃ ಓದಿರುತ್ತೇನೆ. ಅದರಲ್ಲಿದ್ದ ವಿವರ ಈ ಕೆಳಕಂಡಂತಿದೆ. ಸದರಿ ಕಡತಗಳನ್ನು ಸ್ಥಳಾಂತರಿಸುವಾಗ ನನ್ನೊಬ್ಬನ ಅಜಾಗರೂಕತೆಯಿಂದ ಅವು ನಾಶವಾಗಿರುತ್ತವೆ.

ನನ್ನ ಬೆರಳು ನಿಂತಿತು. "ಸಾರ್, ಫೋಲ್ಡರ್ ಮಾಡಿರ್ಲಿಲ್ಲ ನಾನು. ಮಾಡಿದ್ದೀನಿ ಅಂತ ಸುಳ್ಳು ಹೇಳ್ದೆ."

"ಗೊತ್ತು. ಟೈಪ್ ಮಾಡು."

"ನನ್ನೊಬ್ಬನ ಅಂತ ಬೇಡ ಸಾರ್. ನನ್ನ ಹೆಸರೂ ಹಾಕಿ."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಸಿಟ್ಟಿರಲಿಲ್ಲ. ರೆಕಾರ್ಡ್ ರೂಮಿನ ಕೆಲಸ ಕಲಿಸುವ ದನಿಯಲ್ಲೇ ಹೇಳಿದರು. "ಆ ಆಫೀಸಲ್ಲಿ ನಿನ್ನ ಯಾರಿಗಮ್ಮ ಗೊತ್ತು? ಯಾವುದೋ ಹುಡುಗಿ ಏನೋ ಕಳೆದ್ಲಂತೆ ಅಂದ್ರೆ, ಅದು ಇತ್ತೋ ಇಲ್ವೋ ಯಾರು ಕಂಡ್ರು ಅಂತಾರೆ. ನಾನು ಕಳೆದೆ ಅಂತ ನಾನೇ ಬರೆದುಕೊಟ್ರೆ, ಇತ್ತು ಅಂತ ನಂಬ್ತಾರೆ. ಅವಳಿಗೆ ಬೇಕಾಗಿರೋದು ಅದೊಂದೇ. ಟೈಪ್ ಮಾಡು."

ಮಾಡಿದೆ. ಅವರು ಮೂರಕ್ಕೂ ಸಹಿ ಹಾಕಿದರು.

ಮೂವರೂ ಆ ಕಚೇರಿಗೆ ಹೋದೆವು. ಅಧಿಕಾರಿ ಕಾಗದವನ್ನು ಎರಡು ಸಲ ಓದಿ ತಲೆಯೆತ್ತಿ, "ನೀವು ಕಳೆದ್ರಾ?" ಎಂದರು. ಬಾಗಿಲ ಬಳಿ ಹಳೆಯ ಜವಾನರು, ಗುಮಾಸ್ತರು ಬಂದು ನಿಂತಿದ್ದರು. "ಹೌದು ಸ್ವಾಮಿ, ಕಳೆದೆ" ಎಂದರು. ಅಧಿಕಾರಿ ಮತ್ತೆ ಕೇಳಿದರು. ಇವರು ಮತ್ತೆ ಅಷ್ಟೇ ಸ್ಪಷ್ಟವಾಗಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ನೆಲ ನೋಡುತ್ತಿದ್ದೆ. "ನೀವು ಓದಿದೀನಿ ಅಂದ್ರೆ ಇದ್ದೇ ಇತ್ತು ಬಿಡಿ" ಎಂದು ಅಧಿಕಾರಿ ಕಾಗದವನ್ನು ಕಡತಕ್ಕೆ ಸೇರಿಸಲು ಹೇಳಿದರು. ಡಾಕ್ಟರ ಸರ್ಟಿಫಿಕೇಟೂ ಒಂದು ಬೇಕಾಯಿತು, ಎರಡು ಸಲ ಅಲೆದಾಡಿದ್ದೂ ಆಯಿತು. ಜೂನಿನಲ್ಲಿ ಅವಳು ನಿವೃತ್ತಳಾಗಲಿಲ್ಲ.

ಅಲ್ಲಿಂದಾಚೆ ಅವರು ಆ ಕಚೇರಿಗೆ ಕಾಲಿಟ್ಟಾಗಲೆಲ್ಲ ಯಾರಾದರೊಬ್ಬರು "ಏನ್ ಸಾರ್, ಇವತ್ತೇನು ಕಳ್ಕೊಂಡು ಬಂದ್ರಿ?" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು. ಪಿಂಚಣಿಯ ಕೆಲಸಕ್ಕೆ ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಎರಡು ಸಲವೂ ಬಾಯಿ ಬಿಡಲಿಲ್ಲ. ಅವಳಿಗೆ ತೊಂದರೆಯಾದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ, ಬೇರೇನಲ್ಲ.

ಅದಾಗಿ ಐದು ವರ್ಷ ದಾಟಿ ಕೆಲವು ತಿಂಗಳಿಗೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಮುಳಬಾಗಿಲಿನ ಅವರ ಮನೆಗೆ ಹೋದೆ. ಊಟವಾದ ಮೇಲೆ ಕಚೇರಿಯ ಹಳಬರೆಲ್ಲ ಜಗುಲಿಯಲ್ಲಿ ಕೂತು ಅವರ ಕತೆಗಳನ್ನು ಹೇಳುತ್ತಿದ್ದರು. ಒಬ್ಬರು ಪ್ರೀತಿಯಿಂದಲೇ, "ಸರ್ವೀಸಲ್ಲಿ ಒಂದು ಹಾಳೆ ಕಳೀದೋರು, ರಿಟೈರಾದ್ಮೇಲೆ ಒಂದೇ ಸಂಜೆ ಎಲ್ಲಾ ಸೇರಿಸಿ ಕಳೆದ್ರಲ್ಲಪ್ಪ" ಎಂದರು. ಎಲ್ಲರೂ ನಕ್ಕರು.

"ಕಳೆದದ್ದು ಅವರಲ್ಲ, ನಾನು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಅವರಲ್ಲೊಬ್ಬರು ಆ ಕಾಗದವನ್ನು ಅಂದು ಕಡತಕ್ಕೆ ಸೇರಿಸಿದ್ದ ಗುಮಾಸ್ತರು, ಇನ್ನೂ ಸರ್ವೀಸಿನಲ್ಲಿದ್ದರು. ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡು, "ಆ ಕಾಗದ ಇನ್ನೂ ಫೈಲಲ್ಲೇ ಇದೆ ಕಣಮ್ಮ. ನೀನು ಬರೆದುಕೊಟ್ರೆ ಸರಿಪಡಿಸಬಹುದು. ಅವರ ಹೆಸರಿಗೆ ಮಸಿ ಯಾಕೆ?" ಎಂದರು.

ಬರೆದುಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ತೆರೆದ ಮೇಲೆ, ಅವಳ ಕೆಲಸ ನಿಂತಿರುವುದೇ ಆ ಕಾಗದದ ಮೇಲೆ ಎಂದು ನೆನಪಾಗಿ ಲೆಕ್ಕ ಹಾಕಿದೆ.

"ಅವಳಿಗೆ ಇನ್ನೂ ಎಂಟು ತಿಂಗಳು ಸರ್ವೀಸಿದೆ" ಎಂದೆ.

ಅವರು ಒಳಗಿನ ಫೋಟೋದ ಕಡೆ ಒಮ್ಮೆ ನೋಡಿದರು. "ಹಾಗಾದ್ರೆ ಇನ್ನೊಂದು ಎಂಟು ತಿಂಗಳು ಅವರೇ ಕಳೆದಿದ್ದು ಅಂತಿರ್ಲಿ ಬಿಡಮ್ಮ" ಎಂದರು.